ಕಂಕುಳಲ್ಲೊಂದು ತುಂಡು

“ಬಟ್ಟೆ ಹೊರಗಿನದು, ಅಸ್ತರು ಹೊರಗಿನದು, ಕಾಲರು ಯಾವುದೋ ಹೊರಗಿನ ಪುಸ್ತಕದ್ದು. ಇದರಲ್ಲಿ ನಮ್ಮ ದೇಶದ್ದು ಅನ್ನೋದು ಎಲ್ಲಿದೆ, ಹೇಳಮ್ಮ?”

ಅಧಿಕಾರಿ ಮೇಡಂ ವಿನ್ಯಾಸಕಿಯ ಮುಂದೆಯೇ ಕೋಟನ್ನು ತಿರುವಿ ಹಾಕಿದರು. ದೇಶದ ಹೊಲಿಗೆಯ ಪ್ರದರ್ಶನಕ್ಕೆ ಇಂದೇ ಕೊನೆಯ ಆಯ್ಕೆ. ಮೂರು ವರ್ಷದಿಂದ ಅವಳು ಕಾದಿದ್ದು ಈ ಅರ್ಧ ಗಂಟೆಗೆ.

ಉತ್ತರ ಗೊತ್ತಿದ್ದವರು ಪರದೆಯ ಹಿಂದೆ, ಇಸ್ತ್ರಿ ಮೇಜಿನ ಬಳಿ ಕೂತಿದ್ದರು. ಅವಳಿಗೆ ಕತ್ತರಿ ಹಿಡಿಯಲು ಕಲಿಸಿದ, ಈ ಕೋಟನ್ನೂ ಹೊಲಿದ ಮಾಸ್ಟರ್. “ಅವರು ಹೋಗೋವರೆಗೂ ಈಚೆ ಬರಬೇಡಿ ಮಾಸ್ಟ್ರೇ, ಮಾತಂತೂ ಆಡ್ಲೇಬೇಡಿ” ಎಂದು ಬೆಳಿಗ್ಗೆಯೇ ಕೈ ಮುಗಿದಿದ್ದಳು. ಗಡಿಯಾಚೆಯಿಂದ ಬಂದು ನಲವತ್ತು ವರ್ಷವಾಗಿದ್ದರೂ ಅವರು ಬಾಯಿ ಬಿಟ್ಟರೆ ಹೊರಗಿನವರೆಂದು ಮಗುವಿಗೂ ತಿಳಿಯುತ್ತಿತ್ತು.

“ಏನೂ ಇಲ್ವಾ?” ಮೇಡಂ ಪೆನ್ನಿನ ಮುಚ್ಚಳ ಹಾಕಿದರು.

ಪರದೆ ಸರಿಯಿತು. ಬೇಡವೆಂದು ಅವಳು ಕಣ್ಣಲ್ಲೇ ಸನ್ನೆ ಮಾಡಿದಳು.

“ಒಮ್ಮೆ ಹಾಕ್ಕೊಳಿ ಮೇಡಂ,” ಮಾಸ್ಟರ್ ಕೋಟು ಹಿಡಿದು ನಿಂತರು. “ಬಸ್ಸಲ್ಲಿ ನಿಂತಿದೀರಿ ಅಂದ್ಕೊಳಿ. ಬ್ರೇಕ್ ಬಿತ್ತು. ಕಂಬಿ ಹಿಡೀರಿ.”

ಮೇಡಂ ಒಲ್ಲದ ಮನಸ್ಸಿನಿಂದ ಕೈ ಎತ್ತಿದರು. ಕೋಟು ಬೆರಳಗಲವೂ ಮೇಲೇರಲಿಲ್ಲ. ಇನ್ನೊಂದು ಕೈಯನ್ನೂ ಎತ್ತಿ ನೋಡಿದರು.

“ಕಂಕುಳಲ್ಲಿ ಒಂದು ಪುಟ್ಟ ತುಂಡು ಸೇರಿಸಿದೀನಿ. ನಮ್ಮ ಕಡೆ ಇದಿಲ್ಲ, ಅಲ್ಲಿ ಜನ ನಡ್ಕೊಂಡು ಹೋಗ್ತಾರೆ. ಇಲ್ಲಿ ದಿನಾ ಎರಡು ಗಂಟೆ ಕೈ ಎತ್ಕೊಂಡೇ ಬದುಕ್ತೀರಿ. ನಿಮಗೆ ಅಭ್ಯಾಸ, ಕಣ್ಣಿಗೆ ಬೀಳಲ್ಲ. ನಾನು ಬಂದ ದಿನಾನೇ ನೋಡ್ದೆ, ಬಸ್ಸಲ್ಲಿದ್ದ ಅಷ್ಟೂ ಜನರ ಅಂಗಿ ಕಂಕುಳಲ್ಲಿ ಹರಿದಿತ್ತು.”

ಮೇಡಂ ನಕ್ಕೇಬಿಟ್ಟರು. “ಇದು ನಮ್ಮದೇ ಕಣಮ್ಮ, ಅನುಮಾನವೇ ಇಲ್ಲ.” ಕೋಟು ತೊಟ್ಟುಕೊಂಡೇ ಗುಂಡಿ ಹಾಕಿ, ಕೂತು ಅರ್ಜಿ ತುಂಬತೊಡಗಿದರು. ‘ಹೊಲಿದವರು’ ಎಂಬಲ್ಲಿ ಪೆನ್ನು ನಿಂತಿತು. ದನಿ ತಗ್ಗಿಸಿದರು. “ಇಲ್ಲಿ ನಿನ್ನ ಹೆಸರೇ ಹಾಕ್ತೀನಿ. ಅವರದು ಹಾಕಿದ್ರೆ ಮೇಲಿನವರು ಒಪ್ಪಲ್ಲ. ಅವರೂ ಬೇಜಾರು ಮಾಡ್ಕೊಳಲ್ಲ ಬಿಡು.”

ಮಾಸ್ಟರ್ ಆಗಲೇ ಪರದೆಯತ್ತ ತಿರುಗಿದ್ದರು, ಯಾರೂ ಹೇಳದೆಯೇ. ಬೆಳಿಗ್ಗೆ ಹಾಗೆ ಹೇಳಿದ್ದು ತಾನೇ ಅಲ್ಲವೇ ಎಂದು ವಿನ್ಯಾಸಕಿಗೆ ನೆನಪಾಯಿತು. ಮೇಡಂ ಮುಂದೆ ಕೈ ಚಾಚಿದಳು.

“ಅವರ ಹೆಸರು ಬೇಡ ಅಂದ್ರೆ ಕೋಟು ಬಿಚ್ಚಿ ಕೊಡಿ, ಮೇಡಂ.”

ಮೇಡಂ ಬೆರಳು ಮೊದಲ ಗುಂಡಿಯವರೆಗೆ ಹೋಯಿತು. ಬಿಚ್ಚಲಿಲ್ಲ.