ಶಿಫಾರಸಿನ ನಾಲ್ಕು ಸಾಲು

“ದೆಲ್ಫಿನಾಳ ಶಿಫಾರಸು ಪತ್ರ ನೀನೇ ಬರ್ಕೊಂಡು ಬಾಮ್ಮ, ನಾನು ಸಹಿ ಹಾಕ್ತೀನಿ,” ಎಂದು ಪ್ರೊಫೆಸರ್ ಬೆನಿಗ್ನೊ ಹೇಳಿದಾಗ ನೆಲಿದಾಳ ಹೊಟ್ಟೆಗೆ ಕೆಂಡ ಬಿದ್ದಂತಾಯಿತು.

“ಅವಳದ್ದು ನಾನಾ? ಮತ್ತೆ ನನ್ನದು, ಸರ್?”

“ನಿಂದಕ್ಕೆ ಬೇರೆ ವ್ಯವಸ್ಥೆ ಮಾಡಿದೀನಿ. ತಲೆ ಕೆಡಿಸ್ಕೋಬೇಡ.”

ತಿತಿಕಾಕಾ ಸರೋವರದ ದಡದ ಆ ಪ್ರಯೋಗಾಲಯದಲ್ಲಿ ಪ್ರೊಫೆಸರುಗಳು ಶಿಫಾರಸು ಪತ್ರ ಬರೆಯುವ ಪದ್ಧತಿಯೇ ಇಲ್ಲ. ಬೇಕಾದವರು ತಮ್ಮನ್ನು ತಾವೇ ಹೊಗಳಿಕೊಂಡು ಬರೆದು ತರುತ್ತಾರೆ, ಇವರು ಸಹಿ ಮಾಡಿ ಸೀಲು ಗುದ್ದುತ್ತಾರೆ. ಅಂಥದ್ದರಲ್ಲಿ ತನ್ನದನ್ನು ಈ ಮನುಷ್ಯ ಸ್ವಂತ ಕೈಯಿಂದ ಬರೆಯುತ್ತಾನೆಂದರೆ! ನೆಲಿದಾ ಒಳಗೊಳಗೇ ಉಬ್ಬಿದಳು. ಆ ವರ್ಷ ಸರೋವರದ ಮೇಲೆ ಪಿಎಚ್.ಡಿ. ಮಾಡುವವರಿಗೆ ಇದ್ದದ್ದು ಒಂದೇ ಒಂದು ಫೆಲೋಶಿಪ್. ಸಿಕ್ಕರೆ ಮೂರು ವರ್ಷ ನಿಶ್ಚಿಂತೆ. ಸಿಗದಿದ್ದರೆ ಸಂಶೋಧನೆಯನ್ನು ಅರ್ಧಕ್ಕೆ ಬಿಟ್ಟು ಇಲಾವೆ ಎಂಬ ಊರಿನ ಶಾಲೆಯಲ್ಲಿ ಮಕ್ಕಳಿಗೆ ಮಗ್ಗಿ ಹೇಳಿಕೊಡಬೇಕು. ದೆಲ್ಫಿನಾಳ ಪಾಡೂ ಅದೇ.

ಆದರೆ ದೆಲ್ಫಿನಾಳ ಕೈಯಲ್ಲಿ ಕಪ್ಪೆ ಇತ್ತು. ಸರೋವರದ ತಳದಲ್ಲಿರುವ, ಚರ್ಮ ಜೋತುಬಿದ್ದ, ನೋಡಿದವರೆಲ್ಲ ಅಯ್ಯೋ ಪಾಪ ಎನ್ನುವ ದೊಡ್ಡ ಕಪ್ಪೆ. ಪತ್ರಿಕೆಯವರು ಬಂದರೂ ಕಪ್ಪೆ, ಟಿವಿಯವರು ಬಂದರೂ ಕಪ್ಪೆ. ಮಂತ್ರಿ ಬಂದಾಗಲೂ ಕಪ್ಪೆ ಎತ್ತಿ ಹಿಡಿದು ಹಲ್ಲು ಕಿರಿದವಳು ದೆಲ್ಫಿನಾಳೇ. ನೆಲಿದಾಳ ಸಂಶೋಧನೆ ಅದೇ ಸರೋವರದ ಕೆಸರಿನ ಮೇಲೆ. ಕೆಸರಿನ ಜೊತೆ ಯಾವ ಮಂತ್ರಿ ಫೋಟೊ ತೆಗೆಸಿಕೊಳ್ಳುತ್ತಾನೆ? ಇಬ್ಬರೂ ಒಂದೇ ದೋಣಿಯಲ್ಲಿ ಹೋಗಿ, ಒಂದೇ ಗಂಟಿನಿಂದ ಬೇಯಿಸಿದ ಆಲೂಗಡ್ಡೆ, ಚೀಸು ಹಂಚಿಕೊಂಡು ತಿನ್ನುತ್ತಿದ್ದರು. ಆದರೂ ಆ ಕಪ್ಪೆ ಮಾತ್ರ ನೆಲಿದಾಳ ಗಂಟಲಲ್ಲೇ ಕೂತಿತ್ತು.

ಬರೆಯಲು ಕೂತಳು. ಸುಳ್ಳು ಒಂದೂ ಬರೆಯಲಿಲ್ಲ, ಆ ಮಟ್ಟಿಗೆ ಮರ್ಯಾದಸ್ಥೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಒಳ್ಳೆಯದನ್ನೆಲ್ಲ ನಾಜೂಕಾಗಿ ತೆಗೆದಳು, ಅಷ್ಟೆ. ಹೋದ ಚಳಿಗಾಲ ಹೆಪ್ಪುಗಟ್ಟುವ ನೀರಿಗೆ ಒಬ್ಬಳೇ ಇಳಿದು ದೆಲ್ಫಿನಾ ಕಪ್ಪೆಗಳ ರೋಗ ಕಂಡುಹಿಡಿದದ್ದು ಹಾಗೇ ಮಾಯವಾಯಿತು. ಉಳಿದದ್ದು ನಾಲ್ಕು ಸಾಲು. ದೆಲ್ಫಿನಾ ಸಮಯಕ್ಕೆ ಸರಿಯಾಗಿ ಬರುತ್ತಾರೆ. ಗಾಜಿನ ಸಾಮಾನು ಚೆನ್ನಾಗಿ ತೊಳೆಯುತ್ತಾರೆ. ಸದಾ ನಗುಮುಖ. ಹೇಳಿದ ಕೆಲಸ ಮಾಡುತ್ತಾರೆ.

ಮರುದಿನ ನಾಲ್ಕು ಗಂಟೆಗೆ ಪ್ರೊಫೆಸರ್ ಅದನ್ನು ಓದಿ ಕನ್ನಡಕ ತೆಗೆದರು. ಕುಂಬಳಕಾಯಿ ಕಳ್ಳನ ಹಾಗೆ ನೆಲಿದಾ ಹೆಗಲು ಮುಟ್ಟಿ ನೋಡಿಕೊಳ್ಳುವುದೊಂದು ಬಾಕಿ. ಅವರು ಡ್ರಾಯರಿನಿಂದ ಇನ್ನೊಂದು ಹಾಳೆ ತೆಗೆದು ಅವಳತ್ತ ತಳ್ಳಿದರು.

“ಇದು ನಿಂದು. ಓದು.”

ನೆಲಿದಾ ಶಾಂತ ಸ್ವಭಾವದವರು. ಕೈಬರಹ ದುಂಡಗಿದೆ. ದೋಣಿಯಲ್ಲಿ ವಾಂತಿ ಮಾಡಿಕೊಳ್ಳುವುದಿಲ್ಲ. ತಾಯಿಯ ಮೇಲೆ ಬಹಳ ಪ್ರೀತಿ.

“ಇದೇನ್ ಸರ್! ನನ್ನ ಬಗ್ಗೆ ನಿಮಗೆ ಇಷ್ಟೇನಾ ಕಂಡದ್ದು?”

“ನಾನ್ಯಾಕಮ್ಮ ಬರೀಲಿ? ದೆಲ್ಫಿನಾ ಬರೆದದ್ದು. ತಮ್ಮ ಬಗ್ಗೆ ತಾವೇ ಬರ್ಕೊಂಡ್ರೆ ಎಲ್ಲಾರೂ ದೇವರಾಗ್ಬಿಡ್ತಾರೆ. ಒಬ್ರದ್ದು ಇನ್ನೊಬ್ರು ಬರೆದ್ರೆ ನಿಜ ಹೊರಗೆ ಬರತ್ತೆ ಅಂದ್ಕೊಂಡೆ, ನನ್ನ ಬುದ್ಧಿಗಿಷ್ಟು! ಇದನ್ನ ನೋಡಿದ್ರೆ ನಿಮಗೆ ಬಾಗಿಲು ಕಾಯೋ ಕೆಲಸಾನೂ ಯಾರೂ ಕೊಡಲ್ಲ.” ಎರಡನ್ನೂ ಪರಪರ ಹರಿದು ಬುಟ್ಟಿಗೆಸೆದರು. “ಐದೂವರೆಗೆ ಅರ್ಜಿ ತಗೊಳ್ಳೋದು ನಿಲ್ಲಿಸ್ತಾರೆ. ಐದಕ್ಕೆ ಒಬ್ರದ್ದು ಇನ್ನೊಬ್ರು ಹೊಸದಾಗಿ ಬರ್ಕೊಂಡು ಜೊತೇಲಿ ಬನ್ನಿ. ಎರಡೂ ಇದ್ರೆ ಸಹಿ. ಒಂದೇ ತಂದ್ರೆ ಮುಟ್ಟೋದೇ ಇಲ್ಲ.”

ಮೆಟ್ಟಿಲಿಳಿಯುವಾಗ ನೆಲಿದಾಳ ರಕ್ತ ಕುದಿಯುತ್ತಿತ್ತು. ಕೊನೆಯ ಮೆಟ್ಟಿಲಿಗೆ ಬರುವಷ್ಟರಲ್ಲಿ ಬೇರೆಯದೇ ಹೊಳೆಯಿತು. ಇಂಥ ಕಾಗದವನ್ನು ಯಾವ ಸಂಕಟಕ್ಕೆ ಬರೆಯುತ್ತಾರೆಂದು ಅವಳಿಗಿಂತ ಬಲ್ಲವರು ಯಾರು? ಅಂದರೆ ಆ ಕಪ್ಪೆರಾಣಿಗೂ ತನ್ನ ಮೇಲೆ ಹೊಟ್ಟೆಕಿಚ್ಚು! ಹುಟ್ಟಿದಂದಿನಿಂದ ಯಾರೂ ಅವಳನ್ನು ಇಷ್ಟು ಹೊಗಳಿರಲಿಲ್ಲ.

ರಸ್ತೆಯಾಚೆಯ ಝೆರಾಕ್ಸ್ ಅಂಗಡಿಯ ಎರಡು ಕಂಪ್ಯೂಟರುಗಳಲ್ಲಿ ಒಂದರ ಮುಂದೆ ದೆಲ್ಫಿನಾ ಕೂತಿದ್ದಳು. ಪ್ರೊಫೆಸರ್ ಅವಳಿಗಾಗಲೇ ಫೋನು ಮಾಡಿ, ಎರಡೂ ಪತ್ರದಲ್ಲಿದ್ದದ್ದನ್ನು ಹೇಳಿ, ಉಗಿದಿದ್ದರು.

“ಗಾಜಿನ ಸಾಮಾನು ತೊಳೀತೀನೇನೇ ನಾನು?” ಎಂದಳು ತಲೆಯೆತ್ತದೆ.

“ವಾಂತಿ ಮಾಡ್ಕೊಳ್ಳಲ್ವೇನೇ ನಾನು?” ನೆಲಿದಾ ಪಕ್ಕದ ಕುರ್ಚಿ ಎಳೆದುಕೊಂಡಳು. ನಗು ಇಬ್ಬರಿಗೂ ಬಂತು, ಇಬ್ಬರೂ ನುಂಗಿಕೊಂಡರು. “ನನ್ನ ಕೆಸರು ಕಂಡ್ರೆ ನಿನಗ್ಯಾಕೆ ಹೊಟ್ಟೆಯುರಿ? ಹೇಳು ನೋಡೋಣ.”

ದೆಲ್ಫಿನಾ ಕುರ್ಚಿಯನ್ನು ಅವಳತ್ತ ತಿರುಗಿಸಿದಳು. “ನನ್ನ ಹತ್ರ ಎಲ್ಲಾರೂ ಫೋಟೊ ಕೇಳ್ತಾರೆ ಕಣೇ. ನಿನ್ನ ಹತ್ರ ಉತ್ತರ ಕೇಳ್ತಾರೆ. ಕಪ್ಪೆ ಯಾಕೆ ಸಾಯ್ತಿದೆ ಅಂತ ಕೇಳೋಕೂ ಸರ್ ನಿನ್ನ ಟೇಬಲ್ಲಿಗೇ ಬಂದ್ರು. ಸಾಕಾ?”

ಸಾಕಾಗಿತ್ತು. ಸಂತೋಷದಿಂದ ನೆಲಿದಾಳ ಕಿವಿ ಬಿಸಿಯಾಯಿತು. ಇದನ್ನೇ ದೆಲ್ಫಿನಾ ಕಾಗದದಲ್ಲಿ ಹಾಕಿದರೆ ಫೆಲೋಶಿಪ್ ತನ್ನದೇ. ಆದರೆ ಅವಳು ನೀರಿಗಿಳಿದ ಆ ಚಳಿಗಾಲವನ್ನು ತಾನು ಬರೆದರೆ ಅವಳದೇ.

“ಸರಿ, ಈಗ್ಲಾದ್ರೂ ಬರಿ,” ಎಂದಳು.

“ನೀನು ಮೊದಲು ಬರಿ. ನೀನೇನು ಹಾಕ್ತೀಯೋ ನೋಡ್ಕೊಂಡು ನಾನು ಹಾಕ್ತೀನಿ.”

“ಆಹಾ, ಜಾಣೆ! ನಾನು ಮುತ್ತು ಸುರೀಬೇಕು, ನೀನು ಕಲ್ಲು ಸುರೀತೀಯಾ?”

“ನಂಬಿಕೆ ಇಲ್ವಾ?”

“ನಿನಗಿದೆಯಾ?”

ಈ ಜಗ್ಗಾಟದಲ್ಲೇ ಹೊತ್ತು ಕಳೆದುಹೋಯಿತು. ಅಂಗಡಿಯವಳು ಗೋಡೆ ಗಡಿಯಾರ ನೋಡಿ, “ಐದಕ್ಕೆ ನಾಲ್ಕೇ ನಿಮಿಷ ಇದೆ ಕಣ್ರಮ್ಮಾ, ಪ್ರಿಂಟ್ ತೆಗೀಬೇಕಾ ಬೇಡ್ವಾ?” ಎಂದು ಕೂಗಿದಳು. ಎರಡು ಪರದೆಗಳ ಮೇಲೂ ಹೆಸರಷ್ಟೇ ಇತ್ತು. ಇಬ್ಬರ ಬೆರಳೂ ಕೀಲಿಗಳ ಮೇಲಿದ್ದವು, ಇಬ್ಬರ ಕಣ್ಣೂ ಪಕ್ಕದ ಪರದೆಯ ಮೇಲಿತ್ತು.