ಒಂದು ದಿನದ ಕಾಕಾ

"ಸಿಂಗಲ್ ರೂಮ್ ನಮ್ಮಲ್ಲಿ ಇಲ್ಲವೇ ಇಲ್ಲ ತಾಯಿ. ಇಲ್ಲಿ ಇರೋವೆಲ್ಲಾ ಸೂಟ್. ಹೊರಗೆ ಒಂದೇ ಬಾಗಿಲು, ಒಳಗೆ ಎರಡು ಕೋಣೆ. ನಿಮಗೆ ಬುಕ್ ಆಗಿರೋದು ಒಂದೇ ಸೂಟ್, ಬಾಕಿ ಎಲ್ಲಾ ಭರ್ತಿ" ಎಂದು ಪುಣೆಯ ಆ ಹೋಟೆಲಿನ ಕೌಂಟರಿನವನು ಮರಾಠಿಯಲ್ಲಿ ಹೇಳಿದಾಗ ಮಾಳಮ್ಮ ಕೈಚೀಲವನ್ನು ಎದೆಗೆ ಒತ್ತಿಕೊಂಡಳು.

"ಏನಂತಾನವ?" ಹಿಂದೆ ನಿಂತಿದ್ದ ಶಾಂತಲಿಂಗಪ್ಪ ಸರ್ ಕೇಳಿದರು. ಆಳಂದದ ದಾಲ್ ಮಿಲ್ಲಿಗೆ ಅವರು ಮ್ಯಾನೇಜರು. ಊರು ಇಜೇರಿ, ಮರಾಠಿಯ ಗಂಧವಿಲ್ಲ. ಗಡಿಯ ಖಜೂರಿಯಲ್ಲಿ ಬೆಳೆದ ಮಾಳಮ್ಮನಿಗೆ ಅದು ಮನೆಮಾತಿನಷ್ಟೇ ಸಲೀಸು. ಅದಕ್ಕೇ ಮಾಲಕರು ಟೈಪಿಂಗ್ ಬಿಡಿಸಿ ಅವಳನ್ನು ಈ ವ್ಯಾಪಾರಕ್ಕೆ ಜೊತೆ ಮಾಡಿದ್ದರು.

ಅವಳು ತಗ್ಗಿದ ದನಿಯಲ್ಲಿ ಹೇಳಿದಳು. ಸರ್ ನಕ್ಕರು. "ಇರಲಿ ಬಿಡ್ರಿ ಮಾಳಮ್ಮಾರ. ಎರಡು ಕೋಣಿ ಅದಾವಲ್ಲ. ಒಬ್ರನ್ನೊಬ್ರು ತಿಂತೀವೇನು?"

ಮಾಳಮ್ಮ ನಗಲಿಲ್ಲ. ಬೇರೆ ರೂಮು ಕೊಡುತ್ತಾರೆ ಅನ್ನುವ ಒಂದೇ ಮಾತಿನ ಮೇಲೆ ಅವ್ವ ಅವಳನ್ನು ಬಸ್ಸು ಹತ್ತಿಸಿದ್ದಳು. ಕೌಂಟರಿನವನ ಕಣ್ಣು ಅವಳ ಬರಿಗೊರಳಿಗೆ ಹೋಯಿತು, ಅಲ್ಲಿಂದ ಸರ್ ಮೀಸೆಗೆ ಹೋಯಿತು, ಮತ್ತೆ ಕೊರಳಿಗೆ ಬಂತು. "ಇವರು ನಿಮಗೆ ಏನಾಗಬೇಕು?" ಎಂದು ಪೆನ್ನು ಎತ್ತಿಕೊಂಡ. ಆಫೀಸಿನಲ್ಲಿ ಪಕ್ಕದ ಮೇಜಿಗೂ ಕೇಳದಂತೆ ಮಾತಾಡುವ ಹುಡುಗಿ ಪಡಸಾಲೆಯ ಆ ತುದಿಗೂ ಕೇಳುವಂತೆ ಅಂದುಬಿಟ್ಟಳು: "ಕಾಕಾ! ಹೇ ಮಾಝೇ ಕಾಕಾ."

ಇದಕ್ಕೆ ದುಭಾಷಿ ಬೇಕಾಗಲಿಲ್ಲ. ಖಜೂರಿಯಲ್ಲೂ ಇಜೇರಿಯಲ್ಲೂ ಅಪ್ಪನ ತಮ್ಮ ಕಾಕಾನೇ. ಲಿಫ್ಟಿನ ಬಾಗಿಲು ಮುಚ್ಚಿದ ಮೇಲೆ ಸರ್ ಅವಳತ್ತ ತಿರುಗಿದರು. "ಕಾಕಾ ಮಾಡಿಬಿಟ್ಟೆಲ್ಲ ಬೇ ನನ್ನ! ಅಷ್ಟು ಮುದುಕ ಕಾಣ್ತೇನೇನು?"

ಮಾಳಮ್ಮ ಒಂದು ಹೆಜ್ಜೆ ಹಿಂದೆ ಸರಿದಳು. ಕೆಲಸಕ್ಕೆ ಸೇರಿದ ದಿನದಿಂದ ಅವರು "ಆ ಫೈಲ್ ತರ್ರಿ" ಅಂದವರೇ ಹೊರತು ಒಮ್ಮೆಯೂ ಏಕವಚನಕ್ಕೆ ಇಳಿದವರಲ್ಲ. ಬೇ! ಅಪ್ಪ ಅನ್ನುತ್ತಾನೆ, ಅವ್ವ ಅನ್ನುತ್ತಾಳೆ, ಕಾಕಾ ಆದವನು ಅಂದೇ ಅನ್ನುತ್ತಾನೆ. ಗಂಡನಾದವನೂ ಅನ್ನುತ್ತಾನೆ. ಇವರದು ಯಾವ ಬೇ? ಕೇಳುವ ಹಾಗಿಲ್ಲ. ಬಾಯಿತುಂಬ ಕಾಕಾ ಅಂದ ಮೇಲೆ, ನನಗೆ ಬೇ ಅನ್ನಬೇಡಿರಿ ಅನ್ನಲಿಕ್ಕೆ ಯಾವ ಬಾಯಿ ಉಳಿಯಿತು? ಅಡ್ಡಗೋಡೆ ಎಬ್ಬಿಸಲು ಹೋಗಿ ತಾನೇ ಬಾಗಿಲು ತೆರೆದಿಟ್ಟೆನೋ ಏನೋ.

ಸೂಟಿನ ಹೊರಕೋಣೆಯಲ್ಲಿ ಸೋಫಾ, ಟಿ.ವಿ., ಹೂವಿಲ್ಲದ ಹೂದಾನಿ. ಒಳಕೋಣೆಯಲ್ಲಿ ಕಣದಷ್ಟು ಅಗಲದ ಒಂದೇ ಮಂಚ. ಬಚ್ಚಲಿಗೆ ಹೋಗಬೇಕೆಂದರೆ ಆ ಮಂಚದ ಬದಿಯಿಂದಲೇ ಹಾಯಬೇಕು. ಮಾಳಮ್ಮ ಕೈಚೀಲ ಇಳಿಸಿದವಳೇ ನಡುಬಾಗಿಲ ಹಿಂದೆ ಕೈಯಾಡಿಸಿದಳು.

"ಚಿಲಕ ಹುಡುಕಾಕತ್ತೀಯೇನು ಬೇ? ಅದಕ ಚಿಲಕ ಇಲ್ಲ. ನಾ ಆಗಲೇ ನೋಡೇನಿ."

ಅವರು ಯಾವಾಗ ನೋಡಿದರು? ನೋಡಿದ್ದಾದರೂ ಯಾಕೆ? ಪಾಪ, ಅವಳ ಸಲುವಾಗಿಯೇ ನೋಡಿರಬಹುದು. ಇರದಿದ್ದರೆ? ಕೆಳಗಿನ ಎಸ್‌ಟಿಡಿ ಬೂತಿಗೆ ಓಡಿಹೋಗಿ ಊರಿಗೆ ಫೋನು ಮಾಡಲೇ ಅನ್ನಿಸಿತು. ಮಾಡಿ ಏನು ಹೇಳುವುದು, ಬೇ ಅಂದರು ಅಂತಲೇ? ಯಾರಾದರೂ ನಕ್ಕಾರು. ಅವಳು ಸೋಫಾದ ತುದಿಯಲ್ಲಿ, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಬಸ್ಸು ಕಾಯುವವಳಂತೆ ಕೂತಳು.

ಸಂಜೆಗೆ ಬೇಳೆ ಕೊಳ್ಳುವ ಸೇಠಾಣಿ ಸೂಟಿಗೇ ಬಂದಳು. ಒಂಬತ್ತು ಗಜದ ಸೀರೆ, ದಪ್ಪ ಕನ್ನಡಕ. ಗಂಡ ಸತ್ತ ಮೇಲೆ ಪುಣೆಯ ಪೇಟೆಯಲ್ಲಿ ಗಾದಿಯ ಮೇಲೆ ಕೂತು ವ್ಯಾಪಾರ ನಡೆಸುವ ಹೆಂಗಸು. ಮರಾಠಿ ಬಿಟ್ಟು ಬೇರೆ ಮಾತಿಲ್ಲ. ಸರ್ ಮಾದರಿಗೆ ತಂದಿದ್ದ ತೊಗರಿ ಬೇಳೆಯ ಕಾಳೊಂದನ್ನು ಹಲ್ಲಿನ ನಡುವೆ ಕಡಿದು, ತಲೆದೂಗಿ, ಆಮೇಲೆ ಬೇಳೆಯನ್ನು ಬಿಟ್ಟು ಮಾಳಮ್ಮನನ್ನೇ ನೋಡತೊಡಗಿದಳು. "ಕೆಳಗಿನವನು ಕಾಕಾನ ಜೊತೆ ಬಂದಿದ್ದಾಳೆ ಅಂದ. ಹೌದೇನೇ ಪೋರಿ? ಇವರ ಅಣ್ಣನ ಮಗಳೇ?"

"ಏನು ಕೇಳಾಕತ್ತಾಳ ಬೇ ಮುದುಕಿ?"

"ನಾ ನಿಮಗ ಏನಾಗಬೇಕಂತ ಕೇಳಾಕತ್ತಾರ್ರಿ."

ಸರ್ ಕಾಲಮೇಲೆ ಕಾಲು ಹಾಕಿ ಆರಾಮಾಗಿ ಒರಗಿದರು. "ಏನೂ ಆಗಂಗಿಲ್ಲ ಅನ್ನು. ಆಫೀಸಿನಾಕಿ ಅನ್ನು. ಸುಳ್ಳ್ಯಾಕ ಹೇಳ್ಬೇಕು?"

ಮಾಳಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಬೆರಳು ಬೆಳ್ಳಗಾಯಿತು. ಮರಾಠಿಯಲ್ಲಿ, ಒಂದೊಂದೇ ಮಾತನ್ನು ಪಾಠ ಒಪ್ಪಿಸಿದಂತೆ ಹೇಳಿದಳು: "ಸ್ವಂತ ಅಣ್ಣನ ಮಗಳೇ ಅಂತಾರೆ ಆಜಿ. ಹರೆಯದ ಹುಡುಗಿಯನ್ನು ಈ ಹೋಟೆಲಿನಲ್ಲಿ ಹೇಗೆ ಮಲಗಿಸಲಿ ಅಂತ ಕಾಕಾಗೆ ಭಾರಿ ಚಿಂತೆ ಹತ್ತಿದೆ."

"ಅಯ್ಯೋ, ಹತ್ತದೇ ಇರುತ್ತದೆಯೇ!" ಸೇಠಾಣಿ ಮೊಣಕಾಲು ಬಡಿದುಕೊಂಡಳು. "ಮನೆ ತುಂಬ ಸೊಸೆಯಂದಿರು ಇದ್ದಾರೆ ನನಗೆ. ಅವರ ಜೊತೆ ಮಲಗಲಿ. ನಾಳೆ ದರದ ಮಾತಿಗೆ ನಾನೇ ಕರೆತರುತ್ತೇನೆ. ಕೇಳು ನಿನ್ನ ಕಾಕಾನ್ನ."

ಮಾಳಮ್ಮ ಸರ್ ಕಡೆ ತಿರುಗಿದಳು. "ಬ್ಯಾಳಿ ಪಸಂದ ಬಿತ್ತಂತ್ರಿ."

ಶಾಂತಲಿಂಗಪ್ಪ ಸರ್ ಮುಖ ಅರಳಿತು. ಕಾಲು ಇಳಿಸಿ, ನೆಟ್ಟಗೆ ಕೂತು, ಸೇಠಾಣಿಗೆ ಎರಡೂ ಕೈ ಮುಗಿದು ಹೂಂ ಹೂಂ ಎಂದು ತಲೆಯಾಡಿಸಿದರು. ಸೇಠಾಣಿ ಎದ್ದಳು. ಮಾಳಮ್ಮನೂ ಎದ್ದಳು, ಕೈಚೀಲ ಹೆಗಲಿಗೇರಿಸಿದಳು.

"ಏ, ನೀ ಎಲ್ಲಿಗಿ?" ಸರ್ ಮುಗಿದ ಕೈ ಹಾಗೇ ಇತ್ತು.

"ಇವ್ರ ಮನೀಗ್ರಿ," ಮಾಳಮ್ಮ ಹೊಸ್ತಿಲ ಆಚೆ ನಿಂತು ಅಂದಳು. "ನೀವ ಹೋಗು ಅಂದ್ರಿ ಅಂತ ಹೇಳೇನ್ರಿ, ಕಾಕಾ."