ಬ್ಯಾಟರಿಯವನ ಹೆಸರಿಗೊಂದು ಅರ್ಚನೆ

“ಅರ್ಚನೆ ಯಾರ ಹೆಸರಿಗೆ?” ಎಂದು ಅರ್ಚಕ ವರದರಾಜ ಕೇಳಿದ್ದೇ ತಡ, ಮಗ ಒಂದು ಹೆಸರು ಹೇಳಿದ, ತಾಯಿ “ಅವನಿಗಲ್ಲ” ಎಂದಳು.

ಹಳ್ಳಿಮೈಸೂರಿನ ಬೆಟ್ಟಮ್ಮನಿಗೆ ಹೋದ ತಿಂಗಳು ಹಾಸನದಲ್ಲಿ ಎದೆಗೆ ಬ್ಯಾಟರಿ ಕೂರಿಸಿದ್ದರು. ನಿಂತು ನಿಂತು ಬಡಿಯುತ್ತಿದ್ದ ಹೃದಯ ಈಗ ದಾರಿಗೆ ಬಂದಿತ್ತು. ಬದುಕಿ ಬಂದರೆ ಉಳಿಸಿದವರ ಹೆಸರಿನಲ್ಲಿ ಹೊಳೆನರಸೀಪುರದ ನರಸಿಂಹಸ್ವಾಮಿಗೆ ಅರ್ಚನೆ ಮಾಡಿಸುತ್ತೇನೆಂದು ಸ್ಟ್ರೆಚರಿನ ಮೇಲೆ ಮಲಗಿಕೊಂಡೇ ಹರಕೆ ಹೊತ್ತಿದ್ದಳು. ಉಳಿಸಿದವರು ಯಾರು ಎನ್ನುವುದರಲ್ಲಿ ಮಗ ಶಶಿಕುಮಾರನಿಗೆ ಅನುಮಾನವೇ ಇರಲಿಲ್ಲ.

“ಕೀರ್ತಿರಾಜಣ್ಣನ ಹೆಸ್ರಿಗೆ ಸ್ವಾಮಿ. ಅಣ್ಣ ಒಂದ್ ಫೋನ್ ಮಾಡಿದ್ದಕ್ಕೇ ಬೆಡ್ ಸಿಕ್ಕಿದ್ದು. ನಕ್ಷತ್ರ ರೋಹಿಣಿ...”

“ಗೊತ್ತು ಬಿಡಪ್ಪ,” ಎಂದ ವರದರಾಜ. ಗೊತ್ತಿಲ್ಲದೆ ಏನು? ತಾಲ್ಲೂಕಿನಲ್ಲಿ ಯಾರ ಮನೆಗೆ ಮಗು ಹುಟ್ಟಲಿ, ಯಾರ ಬೋರಿಗೆ ನೀರು ಬೀಳಲಿ, ಅರ್ಚನೆ ಮಾತ್ರ ಲೀಡರ್ ಕೀರ್ತಿರಾಜಣ್ಣನ ಹೆಸರಿಗೆ. ಸ್ವಾಮಿ ತನ್ನ ನಕ್ಷತ್ರ ಮರೆತರೂ ಅಣ್ಣನದನ್ನು ಮರೆಯುವ ಹಾಗಿರಲಿಲ್ಲ. ಶಶಿಕುಮಾರನ ಕಣ್ಣು ಹಾಲಿನ ಡೈರಿಯ ಅಧ್ಯಕ್ಷಗಿರಿಯ ಮೇಲಿತ್ತು. ಅಣ್ಣನ ವಾಟ್ಸಾಪ್ ಗ್ರೂಪಿಗೆ ಫೋಟೊ ಹಾಕಲು ಮೊಬೈಲು ಕೈಯಲ್ಲೇ ಸಿದ್ಧವಾಗಿತ್ತು.

“ಫೋನ್ ಮಾಡ್ದೋನ್ಗೆ ಮಾಡ್ಸಾಕಲ್ಲ ಅಯ್ನೋರೆ ನಾನ್ ಬಂದಿರಾದು,” ಎಂದಳು ಬೆಟ್ಟಮ್ಮ. “ಈ ಬ್ಯಾಟ್ರಿನ ಮೊದ್ಲು ಕಂಡಿಡುದ್ನಲ್ಲ ಪುಣ್ಯಾತ್ಮ, ಅವನ್ ಎಸ್ರಲ್ಲಿ ಮಾಡಿ.”

“ಡಾಕ್ಟ್ರಾ?”

“ಡಾಕ್ಟ್ರು ಕೂರುಸುದ್ರು. ಅವ್ರಿಗೆ ಕೈ ಮುಗ್ದು ಬಾಳೆಗೊನೆ ಕೊಟ್ ಬಂದೆ. ಕಂಡಿಡ್ದೋನು ಬ್ಯಾರೆ ಅಂತ ಅವ್ರೇ ಏಳುದ್ರು.”

“ಅವನ ಹೆಸರೇನು?”

“ಅದ್ನ ಕೇಳುದ್ರೆ ಇವ್ನು ಕಂಪ್ನಿ ಎಸ್ರು ಏಳ್ತಾನೆ.”

ಶಶಿಕುಮಾರ ರೇಗಿದ. “ಅವ್ವ, ಅವ್ನು ಯಾವ್ದೋ ದೇಶ್ದೋನು ಕಣವ್ವ. ಏನ್ ತಿಂತಿದ್ನೋ ಏನ್ ಕುಡೀತಿದ್ನೋ! ಅಂಥೋನ್ಗೆ ದೇವಸ್ಥಾನ್ದಲ್ಲಿ ಅರ್ಚನೆನಾ?”

“ಅವ್ನು ತಿಂದಿದ್ದು ನಂಗ್ಯಾಕ್ಲಾ? ಅವ್ನು ಮಾಡಿದ್ದು ನನ್ ಎದೇಲೈತೆ. ಅರ್ಕೆ ತಪ್ಪುದ್ರೆ ನಿಂತೋಗದು ನಿಮ್ಮಣ್ಣನ್ ಫೋನಲ್ಲ ಕಣ್ಲಾ, ನನ್ ಉಸುರು.”

ಹಿಂದೆ ನಿಂತವರು ಗೊಣಗತೊಡಗಿದ್ದರು. ವರದರಾಜನಿಗೂ ಸಿಟ್ಟು ಬಂತು. ಊರಿಲ್ಲ, ಹೆಸರಿಲ್ಲ, ಇಂಥವನಿಗೆ ಸಂಕಲ್ಪ ಮಾಡುವುದಾದರೂ ಹೇಗೆ? ಆಗುವುದಿಲ್ಲ ಎಂದು ಹೇಳಲು ತಲೆಯೆತ್ತಿದವನಿಗೆ ಅವಳ ಸೆರಗಿನಂಚಿನಲ್ಲಿ, ಎಡ ಹೆಗಲ ಕೆಳಗೆ, ಬೆಂಕಿಪೊಟ್ಟಣದಷ್ಟು ಉಬ್ಬು ಕಂಡಿತು.

ಚೆನ್ನಾಗಿಯೇ ಕಂಡಿತು. ಎರಡು ವರ್ಷದ ಹಿಂದಾಗಿದ್ದರೆ ಅವನಿಗೆ ಬೆಟ್ಟಮ್ಮನೇ ಕಾಣುತ್ತಿರಲಿಲ್ಲ. ಆಗ ವರದರಾಜನ ಕಣ್ಣಿಗೆ ಪೊರೆ ಬಂದು, ಸ್ವಾಮಿಯ ಹಣೆಗೆ ನಾಮ ಇಡಲು ಹೋಗಿ ಕಿವಿಗೆ ಇಟ್ಟದ್ದೂ ಉಂಟು. ಉಚಿತ ಕ್ಯಾಂಪಿನಲ್ಲಿ ಕಣ್ಣೊಳಗೆ ಲೆನ್ಸ್ ಕೂರಿಸಿದರು. ಅವರು ಕೊಟ್ಟ ಕಪ್ಪು ಕನ್ನಡಕದ ಚೀಲದ ಮೇಲೆ ಕೀರ್ತಿರಾಜಣ್ಣನ ನಗುಮುಖವಿತ್ತು. ಅಂದಿನಿಂದ ಪ್ರತಿ ಶನಿವಾರ, ಯಾರೂ ಕೇಳದಿದ್ದರೂ, ಅಣ್ಣನ ಹೆಸರಿಗೆ ವರದರಾಜನದೇ ಒಂದು ಅರ್ಚನೆ. ಲೆನ್ಸನ್ನು ಅಣ್ಣನೇ ಹೊಲದ ಮನೆಯಲ್ಲಿ ಕೂತು ಉಜ್ಜಿ ಉಜ್ಜಿ ತಯಾರಿಸಿದ ಅನ್ನುವಷ್ಟು ಭಕ್ತಿ. ಅದನ್ನು ನೆನೆದು ಅವನಿಗೆ ನಾಚಿಕೆಯಾಯಿತು.

“ಗೋತ್ರ ಗೊತ್ತಿಲ್ಲದವರಿಗೆಲ್ಲ ಕಾಶ್ಯಪ ಗೋತ್ರ, ಬೆಟ್ಟಮ್ಮ. ನಕ್ಷತ್ರ ಇವತ್ತಿನದೇ ಇರಲಿ. ಹೆಸರು ಸ್ವಾಮಿಗೆ ಗೊತ್ತಿರುತ್ತೆ,” ಎಂದ. ಆಮೇಲೆ ದನಿ ತಗ್ಗಿಸಿ, “ಇದರ ಜೊತೇಲೇ ಕಣ್ಣಿನ ಲೆನ್ಸ್ ಕಂಡುಹಿಡಿದೋನನ್ನೂ ಸೇರಿಸಿಕೊಳ್ಳಲಾ? ತಟ್ಟೆ ನಿಮ್ಮದು, ಅದಕ್ಕೇ ಕೇಳ್ದೆ” ಎಂದ.

“ಸೇರ್ಸ್ಕಳಿ ಅಯ್ನೋರೆ. ಇಬ್ರೂ ಗುರ್ತು ಪರಿಚಯ ಮಾಡ್ಕಳ್ಳಿ.”

ಮಂಗಳಾರತಿ ಆಯಿತು. ಶಶಿಕುಮಾರ ಬಿಟ್ಟಾನೆಯೇ? ಫೋಟೊ ಹೊಡೆದು, ‘ಕೀರ್ತಿರಾಜಣ್ಣನವರ ಹೆಸರಿನಲ್ಲಿ ವಿಶೇಷ ಪೂಜೆ’ ಎಂದು ಬರೆದು ಗ್ರೂಪಿಗೆ ಹಾಕಿಯೇಬಿಟ್ಟ. ಕೈಮುಗಿದ ಚಿತ್ರಗಳು ಆಗಲೇ ಒಂದರ ಮೇಲೊಂದು ಬಂದು ಬೀಳುತ್ತಿದ್ದವು.

ಬೆಟ್ಟಮ್ಮ ಅಂಗೈಯಲ್ಲಿದ್ದ ಕುಂಕುಮವನ್ನು ಹಣೆಗೆ ಹಚ್ಚಲಿಲ್ಲ. ಸೆರಗನ್ನು ತುಸು ಸರಿಸಿ, ಆ ಉಬ್ಬಿನ ಮೇಲೆ ಒಂದು ಬೊಟ್ಟಿಟ್ಟಳು.

“ತಕಳಪ್ಪ,” ಎಂದಳು, “ನಿನ್ ಪ್ರಸಾದ.”